ಟ್ಯಾಬಿಗೆ ಬಿದ್ದ ಬೀಗ

ಬೀಜದ ಕಂಪನಿಯವರು ಚನ್ನಗಿರಿಯ ಮಾಲತೇಶನಿಗೆ ಟ್ಯಾಬು ಕೊಟ್ಟದ್ದು ಕೆಲಸಕ್ಕೆಂದೇ. ಹಾಗೆಂದು ಅದರ ಹಿಂಬದಿಗೆ ಒಂದು ಚೀಟಿಯನ್ನೂ ಅಂಟಿಸಿದ್ದರು. ಚೀಟಿ ಹಿಂದೆ ಇದ್ದುದರಿಂದ ಮುಂದೆ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣುತ್ತಿರಲಿಲ್ಲ.

ಮುಂದೆ, ಪರದೆಯ ಎಡಭಾಗದಲ್ಲಿ ಕೆಲಸದ ಆ್ಯಪ್‌ಗಳಿದ್ದವು. ಮೆಕ್ಕೆಜೋಳದ ಪ್ಲಾಟುಗಳ, ಅಂದರೆ ಕಂಪನಿಯ ಬೀಜ ಬಿತ್ತಿದ ಹೊಲಗಳ, ವರದಿ ಕಳಿಸುವುದೊಂದು, ದಿನದ ಕೆಲಸಗಳನ್ನು ಪಟ್ಟಿ ಮಾಡುವುದೊಂದು, ಹೊತ್ತು ಹೊತ್ತಿಗೆ ಗಂಟೆ ಬಾರಿಸಿ ಎಚ್ಚರಿಸುವುದೊಂದು. ಬಲಭಾಗದಲ್ಲಿ ಕೇರಂ, ಟ್ರ್ಯಾಕ್ಟರ್ ರೇಸು ಮತ್ತು ಬಣ್ಣದ ಗುಳ್ಳೆ ಒಡೆಯುವ ಆಟ. ಅರ್ಧ ಗಂಟೆ ಎಡಕ್ಕೆ, ಹತ್ತು ನಿಮಿಷ ಬಲಕ್ಕೆ ಎಂದು ಮಾಲತೇಶ ತನಗೆ ತಾನೇ ನಿಯಮ ಮಾಡಿಕೊಂಡಿದ್ದ. ಆದರೆ ಒಂದೇ ಮಗ್ಗುಲಿಗೆ ಮೂಟೆ ಹೇರಿದ ಗಾಡಿಯಂತೆ ಅವನ ದಿನ ಬಲಕ್ಕೇ ವಾಲುತ್ತಿತ್ತು. ಹಾಗೆಂದು ಆಟದಲ್ಲಾದರೂ ನೆಮ್ಮದಿ ಇತ್ತೇ ಎಂದರೆ ಅದೂ ಇಲ್ಲ. ಗುಳ್ಳೆ ಒಡೆಯುವಾಗ ವರದಿ ನೆನಪಾಗುತ್ತಿತ್ತು, ವರದಿ ತುಂಬುವಾಗ ಗುಳ್ಳೆ ಕಣ್ಮುಂದೆ ಬರುತ್ತಿತ್ತು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯ ಹದಿನೆಂಟು ರೈತರ ಹೊಲದಲ್ಲಿ ಕಂಪನಿಯ ಮೆಕ್ಕೆಜೋಳ ಇತ್ತು. ಅಷ್ಟೂ ಹೊಲ ಸುತ್ತಿ, ಫೋಟೋ ತೆಗೆದು, ವರದಿ ತುಂಬಿ ವಾರವಾಗಿತ್ತು. ಒಮ್ಮೆ ಕಣ್ಣಾಡಿಸಿ ಕಳಿಸುವುದಷ್ಟೇ ಬಾಕಿ. ಆ ಒಂದು ಗಂಟೆಯ ಕೆಲಸಕ್ಕೆ ಒಂದು ವಾರದಿಂದ ಒಂದು ಗಂಟೆ ಸಿಕ್ಕಿರಲಿಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಗಡುವು. ಅಷ್ಟರೊಳಗೆ ವರದಿ ಬಾರದಿದ್ದರೆ ಮುಂದಿನ ಹಂಗಾಮಿನ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂದು ದಾವಣಗೆರೆಯ ಮ್ಯಾನೇಜರ್ ಬಸವರಾಜ್ ಹೇಳಿಬಿಟ್ಟಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಕೆಲಸ ಇಲ್ಲ.

ಶುಕ್ರವಾರ ಬೆಳಿಗ್ಗೆ ಮಾಲತೇಶ ಗಟ್ಟಿ ಮನಸ್ಸು ಮಾಡಿದ. ಆಟಗಳಿಗೆ ಬೀಗ ಹಾಕುವ ಆ್ಯಪ್ ಒಂದನ್ನು ಇಳಿಸಿಕೊಂಡ. ಬೀಗದ ನಾಲ್ಕಂಕಿ ತನಗೆ ಗೊತ್ತಿದ್ದರೆ ತಾನೇ ತೆಗೆದುಬಿಡುತ್ತೇನೆಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಪವಿತ್ರ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನ್ಯಾಮತಿಯ ತವರುಮನೆಯಲ್ಲಿ ಅವತ್ತು ಅವಳ ತಂಗಿ ಆಶಾಳ ಸೀಮಂತ.

"ಇದಕ್ಕೆ ನಾಲ್ಕು ನಂಬರ್ ಒತ್ತಿ ಹೋಗು. ಏನು ಒತ್ತಿದೆ ಅಂತ ನಂಗೆ ಹೇಳಬೇಡ" ಎಂದು ಟ್ಯಾಬು ಮುಂದೆ ಹಿಡಿದ.

"ಬಸ್ಸು ಹೋಗ್ತೈತೆ ಕಣ್ರೀ. ಯಾವುದಕ್ಕೆ ಬೀಗ ಹಾಕ್ಬೇಕು ಅಂತ ಕೇಳ್ತೈತೆ ನೋಡ್ರಿ."

"ಆಟಕ್ಕೆ."

ಪವಿತ್ರ ಟಪಟಪನೆ ಒತ್ತಿ, ಟ್ಯಾಬು ಕೈಗಿಟ್ಟು ಓಡಿದಳು. ಬಸ್ಸು ಹಿಡಿಯುವ ಅವಸರದಲ್ಲಿ ಅವಳ ಬೆರಳು 'ಎಲ್ಲಕ್ಕೂ' ಎಂಬಲ್ಲಿ ಬಿದ್ದಿತ್ತು.

ಮಾಲತೇಶನಿಗೆ ಅದು ಗೊತ್ತಾದದ್ದು ಒಂಬತ್ತು ಗಂಟೆಗೆ, ಕಾಫಿ ಕುಡಿದು ವರದಿ ಕಳಿಸಲು ಕುಳಿತಾಗ. ಎಡಭಾಗಕ್ಕೂ ಬೀಗ, ಬಲಭಾಗಕ್ಕೂ ಬೀಗ. ಹೆಂಡತಿಗೆ ಫೋನು ಮಾಡಿದ. ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಅವಳ ಫೋನು ರಿಂಗಾಯಿತು. ಆಶಾಳ ಗಂಡ ನಿಂಗರಾಜನಿಗೆ ಮಾಡಿದ. ಆ ಕಡೆಯಿಂದ ಮೈಕಿನ ಹಾಡು ಕಿವಿಗೆ ಅಪ್ಪಳಿಸಿತು.

"ನಿಂಗರಾಜ್, ಪವಿತ್ರ ಬಂದ ತಕ್ಷಣ ನಂಬರ್ ಏನಂತ ಕೇಳು."

"ಹಾಂ, ಬರ್ರಿ ಬರ್ರಿ. ನೀವು ಬರಾಕಿಲ್ಲ ಅಂತ ಅತ್ತೆ ಬೇಜಾರು ಮಾಡ್ಕೊಂಡಿದ್ರು" ಎಂದು ನಿಂಗರಾಜ ಫೋನಿಟ್ಟ. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಮಾಲತೇಶ ಒಳಗಿಂದ ಹೊರಗೆ, ಹೊರಗಿಂದ ಒಳಗೆ ತಿರುಗಾಡತೊಡಗಿದ. ಕರು ಹಾಕುವ ಹಸುವಿನಂತೆ ಸುತ್ತುತ್ತಿದ್ದ ಅವನನ್ನು ಎದುರುಮನೆಯ ನಿವೃತ್ತ ಹೆಡ್‌ಮಾಸ್ತರ್ ನಾಗರಾಜಪ್ಪ ಕಂಡರು. ಹತ್ತೇ ನಿಮಿಷದಲ್ಲಿ ಅವರೂ, ಪಕ್ಕದ ಮನೆಯ ಭೀಮಕ್ಕನೂ ಜಗಲಿಯ ಮೇಲೆ ಟ್ಯಾಬಿನ ಸುತ್ತ ಕುಳಿತಿದ್ದರು.

"ಹೆಂಗಸ್ರು ಇಡೋದು ಮದ್ವೆ ದಿನಾನೇ. ನಿಮ್ದು ಯಾವತ್ತು?" ಎಂದರು ನಾಗರಾಜಪ್ಪ.

"ಮೇ ಹನ್ನೆರಡು, ಮೇಷ್ಟ್ರೇ" ಎನ್ನುತ್ತ ಮಾಲತೇಶ ಒತ್ತಿದ. ತಪ್ಪು ಎಂದಿತು.

"ಹದಿನಾಲ್ಕು ಕಣಪ್ಪ" ಎಂದಳು ಭೀಮಕ್ಕ. "ಹನ್ನೆರಡಕ್ಕೆ ಎಣ್ಣೆ ಶಾಸ್ತ್ರ. ನಿಂಗೆ ಎಣ್ಣೆ ಹಚ್ಚಿದೋಳೇ ನಾನು."

ಹದಿನಾಲ್ಕು ಹಾಕಿದರು. ಅದೂ ತಪ್ಪು.

"ಹೋಗ್ಲಿ, ಅವಳು ಹುಟ್ಟಿದ ದಿನ ಹೇಳು" ಎಂದರು ನಾಗರಾಜಪ್ಪ.

ಮಾಲತೇಶ ಸೂರಿನ ಕಡೆ ನೋಡಿದ. ಹನ್ನೊಂದು ವರ್ಷದ ಸಂಸಾರದಲ್ಲಿ ಯಾರೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಭೀಮಕ್ಕ ಅವನ ಮುಖ ನೋಡಿ, "ಗಣೇಶನ ಹಬ್ಬದ ಮಾರನೇ ದಿನ ಹುಟ್ಟಿದ್ದಂತೆ, ಅವಳೇ ಹೇಳಿದ್ಲು" ಎಂದಳು. ನಾಗರಾಜಪ್ಪ ಕಣ್ಣು ಮುಚ್ಚಿ, ಬೆರಳ ಗೆಣ್ಣು ಎಣಿಸಿ ಆ ವರ್ಷದ ತಾರೀಖು ಹೊರಡಿಸಿದರು. ತಪ್ಪು. ಅವಳ ಫೋನಿನ ಕೊನೆಯ ನಾಲ್ಕು ಅಂಕಿ ಹಾಕಿದರು. ಅದೂ ತಪ್ಪಾಗಿ, ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಇನ್ನೊಂದು ಸಲ ತಪ್ಪಿದರೆ ನಾಳೆ ಬೆಳಗಿನವರೆಗೆ ತೆರೆಯುವುದಿಲ್ಲ.

"ಒಂದು ಚಾನ್ಸ್ ಐತೆ" ಎಂದು ನಾಗರಾಜಪ್ಪ ತೋರುಬೆರಳು ಚಾಚಿದರು. ಮಾಲತೇಶ ಟ್ಯಾಬನ್ನು ಕೂಸಿನಂತೆ ಎದೆಗವಚಿಕೊಂಡ.

ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಓಡಿದ. ಅಂಗಡಿಯವನು ಟ್ಯಾಬನ್ನು ಹಿಂದೆ ಮುಂದೆ ತಿರುಗಿಸಿ, "ಐದು ನಿಮಿಷದಾಗೆ ತೆಗೆದುಕೊಡ್ತೀನಿ. ಒಳಗಿರೋದೆಲ್ಲ ಅಳಿಸಿಹೋಗ್ತೈತೆ, ಪರವಾಗಿಲ್ವಾ?" ಎಂದ. ಹದಿನೆಂಟು ಹೊಲಗಳೂ ಒಳಗೇ ಇದ್ದವು. ಮಾಲತೇಶ ಟ್ಯಾಬು ಕಿತ್ತುಕೊಂಡು ಬಂದಾಗ ಹನ್ನೊಂದೂವರೆ.

ನ್ಯಾಮತಿಗೇ ಹೋಗುವುದೊಂದೇ ದಾರಿ. ಬೈಕಿಗೆ ಕಿಕ್ ಹೊಡೆಯುವಷ್ಟರಲ್ಲಿ ಹಿಂದಿನ ಸೀಟು ಭಾರವಾಯಿತು.

"ನಂಗೂ ಹೊನ್ನಾಳಿ ಕಡೆ ಹೋಗೋದಿತ್ತು. ಒಬ್ನೇ ಹೋಗಬಾರ್ದು, ಗಾಬರಿಯಾಗಿದ್ದೀಯ" ಎಂದರು ನಾಗರಾಜಪ್ಪ.

ದಾರಿಯುದ್ದಕ್ಕೂ ಅವರದು ಒಂದೇ ಮಾತು. "ಮಾಲತೇಶ, ನನ್ನ ಮನಸ್ಸು ಒಂದು ನಂಬರ್ ಹೇಳ್ತೈತೆ. ಒಂದ್ಸಲ ಒತ್ತಿ ನೋಡ್ತೀನಿ, ಬ್ಯಾಗು ಕೊಡು." ಮಾಲತೇಶ ಬ್ಯಾಗನ್ನು ಬೆನ್ನಿಂದ ಹೊಟ್ಟೆಗೆ ತಿರುಗಿಸಿಕೊಂಡು ಓಡಿಸಿದ. ಹ್ಯಾಂಡಲ್ ಹಿಡಿದ ಅವನ ಹೆಬ್ಬೆರಳು ಇಲ್ಲದ ಗುಳ್ಳೆಗಳನ್ನು ಒಡೆಯುತ್ತ ಹಾರ್ನಿನ ಮೇಲೆ ಕುಣಿಯುತ್ತಿತ್ತು. ಎದುರು ಬರುವ ಗಾಡಿಗಳು ಸುಮ್ಮಸುಮ್ಮನೆ ದಾರಿ ಬಿಟ್ಟು ಸರಿಯುತ್ತಿದ್ದವು.

ಹೊನ್ನಾಳಿ ತಲುಪಿದಾಗ ಒಂದೂಕಾಲು. ಇಲ್ಲಿ ಇಳಿಯುತ್ತಾರೆಂದು ಮಾಲತೇಶ ಬೈಕು ನಿಲ್ಲಿಸಿದರೆ, ನಾಗರಾಜಪ್ಪ ಇಳಿದವರೇ ನೇರ ಖಾನಾವಳಿ ಪಕ್ಕದ ಮಂಡಕ್ಕಿ ಅಂಗಡಿಗೆ ಹೋದರು. ಹೊನ್ನಾಳಿಯಲ್ಲಿ ಅವರಿಗಿದ್ದ ಕೆಲಸ ಅದೇ. ಅಷ್ಟರಲ್ಲಿ ಮ್ಯಾನೇಜರ್ ಫೋನು ಬಂತು.

"ಮಾಲತೇಶ್, ಜಗಳೂರಿನ ಭೀಮೇಶ್ ನಿನ್ನೇನೇ ಕಳಿಸವ್ರೆ. ನಿಮ್ದು ಎಲ್ರಿ?"

"ಸರ್, ಹೊಲದಾಗಿದ್ದೀನಿ. ನೆಟ್‌ವರ್ಕ್ ಸಿಗ್ತಿಲ್ಲ ಸರ್."

"ಮತ್ತೆ ನಾವಿಬ್ರೂ ಈಗ ಯಾವುದ್ರಾಗೆ ಮಾತಾಡ್ತಿದ್ದೀವ್ರಿ?"

ಮಾಲತೇಶ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಾಗರಾಜಪ್ಪ ಪಾಠ ಹೇಳುವ ದನಿಯಲ್ಲಿ, "ಎರಡು ಮಂಡಕ್ಕಿ, ನಾಲ್ಕು ಮೆಣಸಿನಕಾಯಿ. ಬಿಸಿ ಇರ್ಲಪ್ಪ" ಎಂದರು.

"ಹೊಲದಾಗೆ ಮೆಣಸಿನಕಾಯಿನೂ ಕರೀತಾರೇನ್ರಿ? ನಾಲ್ಕು ಗಂಟೆ. ನಾಲ್ಕು ಅಂದ್ರೆ ನಾಲ್ಕೇ" ಎಂದು ಬಸವರಾಜ್ ಫೋನಿಟ್ಟರು.

ಮಾಲತೇಶ ಮೇಷ್ಟ್ರನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ಆರನೇ ಕ್ಲಾಸಿನಲ್ಲಿ ಕಲಿಸಿದವರು. ಅವರು ಕೊನೆಯ ಮಂಡಕ್ಕಿ ಕಾಳನ್ನು ಕಾಗದದಿಂದ ಬಾಯಿಗೆ ಸುರಿದುಕೊಳ್ಳುವವರೆಗೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ.

ನ್ಯಾಮತಿಯ ಮನೆ ಮುಂದಿನ ಶಾಮಿಯಾನ ಮುಟ್ಟಿದಾಗ ಎರಡೂವರೆ ದಾಟಿತ್ತು. ಹಜಾರದ ತುಂಬ ಹೆಂಗಸರು. ನಡುವೆ ಹಸಿರು ಸೀರೆಯುಟ್ಟ ಆಶಾ, ಅವಳ ಕೈಗೆ ಬಳೆ ತೊಡಿಸುತ್ತ ಪವಿತ್ರ. ಮಾಲತೇಶ ಹೊಸಿಲಲ್ಲಿ ನಿಂತು ಕೈಸನ್ನೆ ಮಾಡಿದ. ಆರತಿಗೆ ಮೊದಲು ಗಂಡಸರು ಒಳಗೆ ಬರಬಾರದೆಂದು ಯಾರೋ ಅಜ್ಜಿ ಬಾಗಿಲು ಮುಂದಕ್ಕೆ ಮಾಡಿದಳು. ಅತ್ತೆ ಉಚ್ಚಂಗೆಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದರು.

"ಅಳಿಯಂದ್ರು ಬಂದ್ರಲ್ಲ. ಮೂರು ವರ್ಷ ಆಗಿತ್ತು ಈ ಹೊಸಿಲು ತುಳಿದು."

"ಅತ್ತೆ, ಅವಳ ಹತ್ರ ಒಂದೇ ಒಂದು ಮಾತು."

"ಉಂಡ ಮೇಲೆ ಎಷ್ಟಾದ್ರೂ ಮಾತಾಡ್ರಿ. ದೂರದಿಂದ ಬಂದೋರು ಹಸಿದು ನಿಂತ್ರೆ ಬಸುರಿ ಇರೋ ಮನೆಗೆ ಒಳ್ಳೇದಾ?"

ಮಾಲತೇಶ ಎಲೆಯ ಮುಂದೆ ಕುಳಿತ. ಪಕ್ಕದಲ್ಲಿ ನಾಗರಾಜಪ್ಪ ಆಗಲೇ ಕುಳಿತಿದ್ದರು. ಉಚ್ಚಂಗೆಮ್ಮ ಎದುರಿಗೇ ನಿಂತು ಅವನ ಒಂದೊಂದು ತುತ್ತನ್ನೂ ಕಾದರು. ಹೋಳಿಗೆಯನ್ನು ಅವನು ಮಾತ್ರೆಯಂತೆ ನುಂಗಿದ. ಬೇಗ ಖಾಲಿಯಾಯಿತೆಂದು ಇನ್ನೊಂದು ಬಿತ್ತು. ಕೈತೊಳೆದು ಎದ್ದಾಗ ಮೂರೂ ಮುಕ್ಕಾಲು.

ಪವಿತ್ರ ಹಿತ್ತಲಿಗೆ ಬಂದಳು. ಟ್ಯಾಬು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಇದಕ್ಕೋಸ್ಕರ ಇಲ್ಲಿಗಂಟ ಬಂದ್ರಾ? ನಂಬರ್ ನಿಮಗೇ ಗೊತ್ತಿತ್ತಲ್ಲ."

"ಮದ್ವೆ ದಿನ ಹಾಕ್ದೆ, ನೀನು ಹುಟ್ಟಿದ್ದು ಹಾಕ್ದೆ."

"ಅವು ನಿಮಗೆ ಎಲ್ಲಿ ನೆನಪಿರ್ತಾವೆ? ಗುಳ್ಳೆ ಆಟದಾಗೆ ಸಾವಿರದ ಇನ್ನೂರ ಆರನೇ ಲೆವೆಲ್‌ಗೆ ಬಂದೆ ಅಂತ ನಿನ್ನೆ ಉಣ್ಣೋವಾಗ ಮೂರು ಸಲ ಹೇಳಿದ್ರಿ. ಅದನ್ನೇ ಹಾಕ್ದೆ. ನಾನು ಮರೆತ್ರೂ ನೀವು ಮರೆಯಾಕಿಲ್ಲ ಅಂತ."

ಮಾಲತೇಶ ತಲೆ ತಗ್ಗಿಸಿ 1206 ಒತ್ತಿದ. ಟ್ಯಾಬು ತೆರೆದುಕೊಂಡಿತು. ಕಣ್ಣಾಡಿಸಲು ಸಮಯವೆಲ್ಲಿತ್ತು? ಹಿತ್ತಲ ಬಚ್ಚಲ ಕಲ್ಲಿನ ಮೇಲೆ ಕುಳಿತು ಒಂದಾದ ಮೇಲೊಂದು ಕಳಿಸಿದ. ಹದಿನೆಂಟನೆಯದು ಹೋದಾಗ ನಾಲ್ಕಕ್ಕೆ ಎರಡು ನಿಮಿಷ ಬಾಕಿ. ಹೆಬ್ಬೆರಳು ಸುಮ್ಮನಾಯಿತು. ಗುಳ್ಳೆಯ ಆಟವನ್ನು ತಾನಾಗಿಯೇ ಅಳಿಸಿಹಾಕಿದ, ಕೇರಂ ಆಟವನ್ನೂ. ಟ್ರ್ಯಾಕ್ಟರ್ ರೇಸನ್ನು ಮಾತ್ರ ಯೋಚನೆ ಮಾಡಿ ಉಳಿಸಿದ.

ನಾಲ್ಕೂಕಾಲಿಗೆ ಬಸವರಾಜ್ ಫೋನು.

"ಹದಿನೆಂಟೂ ಬಂದಾವೆ. ನಿಮ್ಮ ಹೆಸರು ಪಟ್ಟಿಯಲ್ಲೈತೆ."

"ತುಂಬ ಉಪಕಾರ ಆಯ್ತು ಸರ್."

"ಅಲ್ರಿ, ನ್ಯಾಮತಿಯಾಗೆ ಯಾವಾಗ ಪ್ಲಾಟು ಮಾಡಿದ್ರಿ? ಅದೂ ಹದಿನೆಂಟೂ ಒಂದೇ ಮನೆ ಹಿತ್ತಲಾಗೆ ತೋರಿಸ್ತಾವೆ."

ಮಾಲತೇಶನಿಗೆ ಅರ್ಥವಾಗಲಿಲ್ಲ. ಬಸವರಾಜ್ ಬಿಡಿಸಿ ಹೇಳಿದರು. ಮನೆಯಲ್ಲೇ ಕೂತು ವರದಿ ಕಳಿಸುವವರು ಹೆಚ್ಚಾದರೆಂದು ಕಂಪನಿ ಹೋದ ವಾರವಷ್ಟೇ ನಿಯಮ ಬದಲಿಸಿತ್ತು. ಎಲ್ಲಿ ನಿಂತು ಕಳಿಸುತ್ತಾರೋ ಅದೇ ಪ್ಲಾಟಿನ ಜಾಗ. ಸುತ್ತೋಲೆ ಎಲ್ಲರ ಟ್ಯಾಬಿಗೂ ಬಂದಿತ್ತು. ಹೋದ ವಾರ ಗುಳ್ಳೆಗಳ ಮಧ್ಯೆ ಏನೋ ಉದ್ದದ್ದು ತೇಲಿ ಬಂದದ್ದು, ಅದನ್ನು ತಾನು ಓದದೆ ಪಕ್ಕಕ್ಕೆ ಸರಿಸಿದ್ದು ಮಾಲತೇಶನಿಗೆ ಮಸುಕಾಗಿ ನೆನಪಾಯಿತು.

ಇನ್ನು ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಗುಳ್ಳೆ, ಬೀಗ, ಬಸ್ಸು, ಮಂಡಕ್ಕಿ ಎಲ್ಲವನ್ನೂ ಬಿಡದೆ ಹೇಳಿದ.

"ನೀವು ಹೇಳೋದು ನಂಗೆ ಅರ್ಥ ಆಗ್ತೈತೆ" ಎಂದರು ಬಸವರಾಜ್. "ಆದ್ರೆ ನಾಲ್ಕಕ್ಕೆ ಕಂಪ್ಯೂಟರ್ರೇ ಜಾಗ ಹಂಚಿಬಿಟ್ಟೈತೆ. ಯಾರ ಪ್ಲಾಟು ಎಲ್ಲಿ ಜಾಸ್ತಿಯೋ ಅವ್ರು ಅಲ್ಲಿಗೆ. ಖಾಲಿ ಬಿದ್ದ ಚನ್ನಗಿರಿನೂ ಭೀಮೇಶ್‌ಗೇ ಹೋಯ್ತು, ನ್ಯಾಮತಿ ನಿಮಗೆ. ಸೋಮವಾರದಿಂದ ಅಲ್ಲೇ ಇರಬೇಕು. ಬರೋ ಹಂಗಾಮಿಗೆ ಹದಿನೆಂಟು ರೈತರನ್ನ ಹುಡುಕಿ ನಿಜವಾಗಿ ಬಿತ್ತಿಸಿಬಿಡ್ರಿ. ಅಲ್ಲಿ ನಮ್ಮ ಬೀಜ ಇನ್ನೂ ಒಬ್ರೂ ತಗಂಡಿಲ್ಲ."

"ಸರ್, ಬದಲಿ ಮಾಡಾಕೆ ಆಗಲ್ವಾ?"

"ಮಾಡಿಸ್ಬಹುದು. ಯಾಕೆ ತಪ್ಪಾಯ್ತು ಅಂತ ಹೆಡ್ ಆಫೀಸಿಗೆ ಬರೀಬೇಕಾಗ್ತೈತೆ. ಗುಳ್ಳೆ ಒಡೆಯೋದೂ ಬರೀಲಾ?"

"ಬ್ಯಾಡ ಸರ್."

ಫೋನು ಕೆಳಗಿಟ್ಟು ತಿರುಗಿದರೆ ಬಾಗಿಲಲ್ಲಿ ಉಚ್ಚಂಗೆಮ್ಮ, ಅವರ ಹಿಂದೆ ಪವಿತ್ರ, ಪವಿತ್ರಳ ಹಿಂದೆ ನಾಗರಾಜಪ್ಪ. ಸ್ಪೀಕರ್ ಆರಿಸುವುದನ್ನು ಮಾಲತೇಶ ಮರೆತಿದ್ದ. ಪವಿತ್ರಳ ಮುಖದಲ್ಲಿ ನಗು ಇರಲಿಲ್ಲ. "ನಾನು ಚನ್ನಗಿರಿ ಬಿಟ್ಟು ಬರಾಕಿಲ್ಲ, ಮೊದ್ಲೇ ಹೇಳ್ತೀನಿ. ಭೀಮಕ್ಕನ ಜೊತೆ ಹೊಲಿಗೆ ಮಷಿನ್ ಹಾಕಿದ್ದೀನಿ. ನೀವು ಬೇಕಾದ್ರೆ ಭಾನುವಾರ ಬಂದು ಹೋಗ್ರಿ" ಎಂದಳು.

ಉಚ್ಚಂಗೆಮ್ಮನಿಗೆ ಮಾತ್ರ ಹಿಡಿಸಲಾರದಷ್ಟು ಸಂತೋಷ. "ಹೋಟೆಲು ಗೀಟೆಲು ಅನ್ನಂಗಿಲ್ಲ. ನಾನಿಲ್ವಾ? ಬೆಳಿಗ್ಗೆ ಐದಕ್ಕೆ ಎಬ್ಬಿಸ್ತೀನಿ, ರಾತ್ರಿ ಎಂಟಕ್ಕೆ ಊಟ. ನಿಮ್ಮ ಕೈಯಾಗಿನ ಆ ಹಲಗೆ ನನ್ನ ಬೀರುವಿನಾಗೆ ಇರ್ತೈತೆ, ಕೆಲಸಕ್ಕೆ ಹೋಗೋವಾಗ ತೆಗೆದುಕೊಡ್ತೀನಿ" ಎಂದವರೇ ನಿಂಗರಾಜನನ್ನು ಕೂಗಿದರು.

ಐದು ನಿಮಿಷದಲ್ಲಿ ಹಿಂದಿನ ಕೋಣೆಯಿಂದ ಜೋಳದ ಚೀಲಗಳು ಹೊರಗೆ ಬಂದವು. ನಿಂಗರಾಜನೂ ನಾಗರಾಜಪ್ಪನೂ ಹಳೆಯ ಮಂಚದ ಎರಡು ತುದಿ ಹಿಡಿದು ಒಳಗೆ ಸಾಗಿಸುತ್ತಿದ್ದರು. ಉಚ್ಚಂಗೆಮ್ಮ ಟ್ಯಾಬನ್ನು ಅಳಿಯನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು.

"ಅಳಿಯಂದ್ರೇ" ಎಂದು ಕೇಳಿದರು, "ಯಾವ ಕಡೆ ತಲೆ ಹಾಕಿ ಮಲಗ್ತೀರಿ ಹೇಳ್ರಿ. ಮಂಚ ಹಂಗೇ ಹಾಕಿಸ್ತೀನಿ."