ಮುರಿಗೆಪ್ಪ ಮಾಸ್ತರರ ಪೋರ್ಟ್ ವೈನ್ ದಿಗ್ವಿಜಯ

ಅಕ್ಕಿಮೂಟೆಗಳ ಸಂದಿಯಲ್ಲಿ ಹಗಲಿರುಳೂ ಸಂಚರಿಸುವ ಮೂಷಕನನ್ನೇ ವಾಹನವಾಗಿ ಉಳ್ಳವನೂ, ಬೆಲ್ಲಕೊಬ್ಬರಿಗಳ ಮರ್ಮಜ್ಞನೂ, ಸಮಸ್ತ ಕಿರಾಣಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿಯ ಧೂಮದ ನಡುವೆ ವಿರಾಜಮಾನನೂ ಆದ ಗಣನಾಥನೇ, ನನ್ನ ನಾಲಗೆಯ ಮೇಲೆ ಬಂದು ಕೂಡು. ನಾನೀಗ ಹಾಡಹೊರಟಿರುವುದು ಬಿಲ್ಲು ಮುರಿದವರ, ಕಡಲು ಹಾರಿದವರ ಕಥೆಯಲ್ಲ. ಅವನ್ನು ಹಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕಲಿಯುಗದ ಪ್ರಥಮ ಪಾದದಲ್ಲಿ, ಪಶ್ಚಿಮಸಮುದ್ರತೀರದ ಗೋವೆಯ ವಾಸ್ಕೊ ಪಟ್ಟಣದಲ್ಲಿ, ಡಿಸೆಂಬರ್ ಮಾಸದ ಒಂದು ಶನಿವಾರ, ಮಧ್ಯಾಹ್ನ ಎರಡೂವರೆಯ ಮುಹೂರ್ತದಲ್ಲಿ, ಕೈಚೀಲವನ್ನೇ ಕವಚವಾಗಿ ಎದೆಗೊತ್ತಿಕೊಂಡು, ಒಂದು ಸೀಸೆ ಪೋರ್ಟ್ ವೈನ್ ತರಲು ಹೊರಟ ಮಹಾನುಭಾವರ ಕಥೆ ಇದು. ನಗುವವರು ಈಗಲೇ ನಕ್ಕು ಮುಗಿಸಿರಿ.

ಆ ಮಹಾನುಭಾವರು ಯಾರೆಂದರೆ, ರೋಣ ಸೀಮೆಯ ಎರೆಮಣ್ಣಿನಲ್ಲಿ ಜನಿಸಿ, ಮೂವತ್ತಾರು ವರ್ಷ ಸಂಧಿಸಮಾಸಗಳನ್ನು ಬೋಧಿಸಿ ಅಸಂಖ್ಯ ಬಾಲಕರ ಕಿವಿಗಳನ್ನು ಕೆಂಪಾಗಿಸಿದ, ಪರಭಾಷಾಪದಮರ್ದನ, ವಿಸರ್ಗವಿಚಕ್ಷಣ, ಸೀಮೆಸುಣ್ಣಧೂಳಿಧೂಸರಿತಧವಳವಸನ ಶ್ರೀ ಮುರಿಗೆಪ್ಪ ಅಂಗಡಿ ಮಾಸ್ತರರು. ನಿವೃತ್ತಿಯಾದ ಮೇಲೆ ವಾಸ್ಕೊದ ಕನ್ನಡ ಮಕ್ಕಳಿಗೆ ವ್ಯಾಕರಣ ಕಲಿಸಲೆಂದು ಬಂದು ಹನ್ನೊಂದು ತಿಂಗಳಾಗಿತ್ತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬಂತೆ, ಅಡ್ಡಹೆಸರು ಅಂಗಡಿಯಾಗಿದ್ದರೂ ಅವರು ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ, ಸಂತೆಪೇಟೆಯೆಲ್ಲ ಹೆಂಡತಿಯದೇ. ಇನ್ನು ಸೆರೆಯ ಮಾತಂತೂ ಎತ್ತುವಂತಿಲ್ಲ. ಪ್ರತಿ ಗಾಂಧಿ ಜಯಂತಿಗೆ ಮದ್ಯಪಾನದ ಮೇಲೆ ಅವರು ಮಾಡುತ್ತಿದ್ದ ಭಾಷಣ ಕೇಳಿ ಕುಡುಕರಷ್ಟೇ ಅಲ್ಲ, ಕುಡಿಯದವರೂ ತಪ್ಪಾಯಿತೆಂದು ಕೈಮುಗಿದದ್ದುಂಟು.

ಇಂಥವರನ್ನು ಆ ಮಧ್ಯಾಹ್ನ ಧರ್ಮಸಂಕಟಕ್ಕೆ ನೂಕಿದವರು ಧರ್ಮಪತ್ನಿ ನೀಲಗಂಗವ್ವನವರೇ. ಎರಡು ದಿನದ ಹಿಂದೆ ಕಾಲು ಉಳುಕಿ, ಪಾದಕ್ಕೆ ಪಟ್ಟಿ ಕಟ್ಟಿಕೊಂಡು, ತಟ್ಟೆಯಲ್ಲಿ ಒಣದ್ರಾಕ್ಷಿ ಹರವಿ ಕುಳಿತಿದ್ದರು. ಪಕ್ಕದ ಮನೆಯ ಫಿಲೊಮಿನಾಬಾಯಿ ನಾಲ್ಕು ಗಂಟೆಗೆ ಬರುವವಳಿದ್ದಳು. ಇಬ್ಬರೂ ಕೂಡಿ ಕ್ರಿಸ್ಮಸ್ ಕೇಕು ಮಾಡುವುದೆಂದು ಮಾತಾಗಿತ್ತು.

“ದ್ರಾಕ್ಷಿ ನೆನಿಲಿಕ್ಕೆ ಪೋರ್ಟ್ ವೈನ್ ಬೇಕು. ಅದನ್ನ ನಾ ತರ್ತೀನಿ ಅಂತ ಆಕಿಗೆ ಮಾತ ಕೊಟ್ಟೀನಿ. ಹೋಗಿ ತಗೊಂಬರ್ರಿ” ಎಂದರು ನೀಲಗಂಗವ್ವ.

ಮಾಸ್ತರರಿಗೆ ಸಿಟ್ಟು ಬಂದರೆ ಆಡುಮಾತು ಹೋಗಿ ಗ್ರಾಂಥಿಕ ಬರುತ್ತಿತ್ತು. ಈಗ ಬಂತು. “ಎಲೌ ನೀಲಗಂಗೆ, ಕೇಳು! ಸೂರ್ಯನು ಪಡುವಣದಲ್ಲಿ ಉದಿಸಿದರೂ, ಈ ಸಮುದ್ರವು ಬತ್ತಿ ಜೋಳದ ಹೊಲವಾದರೂ, ಮುರಿಗೆಪ್ಪನು ಸೆರೆಯ ಸೀಸೆಗೆ ಕೈಯೊಡ್ಡನು! ಅಕ್ಟೋಬರದಲ್ಲಿ ಇನ್ನೂರು ಜನರೆದುರು ಗುಡುಗಿದ ಕಂಠವು ಡಿಸೆಂಬರದಲ್ಲಿ ವೈನನ್ನು ಯಾಚಿಸುವುದೆ?”

“ಭಾಷಣ ಸಾಕ್ರಿ” ಎಂದರು ನೀಲಗಂಗವ್ವ. “ಹುಟ್ಟಿದಾಗಿಂದ ತತ್ತಿ ಹಾಕಿದ ಕೇಕ್ ತಿಂದಾಕಿ, ನೀಲಾ ತಿನ್ನೂದಿಲ್ಲ ಅಂತ ಈ ಸಲ ಮೊಸರು ಹಾಕ್ತಾಳಂತ. ಆಕಿ ನಮ್ಮ ಸಲುವಾಗಿ ತತ್ತಿ ಬಿಟ್ಟಾಳ. ನೀವ್ ನನ್ನ ಸಲುವಾಗಿ ಒಂದ್ ಬಾಟ್ಲಿ ತರೂದಿಲ್ಲ? ಹನ್ನೊಂದ್ ತಿಂಗಳಾತು ಈ ಊರಿಗೆ ಬಂದು. ಈ ಓಣ್ಯಾಗ ನನ್ನ ಮಾತಾಡಿಸಿದಾಕಿ ಆಕಿ ಒಬ್ಬಾಕೀನ. ನಾಕಕ್ಕ ಆಕಿ ಬಂದಾಗ ನಾ ಬರೇ ಕೈಲೆ ಕುಂತಿರಬೇಕೇನು?”

ಮಾಸ್ತರರ ಗ್ರಾಂಥಿಕ ಅಲ್ಲೇ ಇಳಿಯಿತು. “ಎಲ್ಲಿ ಸಿಗ್ತೈತಿ ಅದು?” ಎಂದು ಮೆಲ್ಲಗೆ ಕೇಳಿದರು.

“ಸುಲೋಚನಾಬಾಯಿ ಕಿರಾಣಿ ಅಂಗಡ್ಯಾಗ. ಸಾಸಿವಿ ಜೀರಿಗಿ ಸಿಕ್ಕಂಗ.”

ಓದುಗರೇ, ಇದು ಸುಲಭದ ಮಾತೆಂದು ತಿಳಿಯಬೇಡಿ. ನಮ್ಮ ಕಡೆ ಸೆರೆಯಂಗಡಿಗೆ ಒಂದು ಕತ್ತಲೆಯ ಮರೆಯಿರುತ್ತದೆ. ಅಲ್ಲಿಗೆ ಹೋಗುವವರೆಲ್ಲ ಒಂದೇ ದೋಣಿಯವರಾದ್ದರಿಂದ ಯಾರೂ ಯಾರನ್ನೂ ಗುರುತಿಸುವುದಿಲ್ಲ. ಆದರೆ ಗೋವೆಯಲ್ಲಿ ಪೋರ್ಟ್ ವೈನು ಕಿರಾಣಿ ಅಂಗಡಿಯ ಹಲಗೆಯ ಮೇಲೆ, ಚಹಾಪುಡಿಗೂ ವಿನೆಗರಿಗೂ ನಡುವೆ, ಹಾಡುಹಗಲಲ್ಲಿ, ನಾಚಿಕೆಯಿಲ್ಲದೆ ನಿಂತಿರುತ್ತದೆ. ಕಿರಾಣಿ ಅಂಗಡಿಗೆ ಊರಿಗೆ ಊರೇ ಬರುತ್ತದೆ. ಹಾಗೆ ಬಂದ ಊರಿನ ಕಣ್ಣೆದುರು ಕೈ ಚಾಚಿ ಅದನ್ನು ಕೇಳುವುದಕ್ಕೆ ಗಂಡೆದೆ ಬೇಕು.

ಮಾಸ್ತರರು ಅಂಗಡಿ ಹೊಕ್ಕಾಗ ದೈವವಶಾತ್ ಗಿರಾಕಿಗಳು ಯಾರೂ ಇರಲಿಲ್ಲ. ತಕ್ಕಡಿಯ ಹಿಂದೆ, ಬೇಳೆಗುಡ್ಡಗಳ ಮಧ್ಯೆ, ತುಲಾದಂಡಧಾರಿಣಿಯಾದ ಸುಲೋಚನಾಬಾಯಿ ಕುಳಿತಿದ್ದಳು. ಅವಳ ತವರು ಕಾರವಾರ, ಕನ್ನಡ ಬರುತ್ತಿತ್ತು. ಹಲಗೆಯ ಮೇಲೆ ಒಂದೇ ಒಂದು ಸೀಸೆ ಮಾಣಿಕ್ಯದಂತೆ ಹೊಳೆಯುತ್ತಿತ್ತು. ಮಾಸ್ತರರು ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆದರು; ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು.

“ಓಹೋ, ಶರಣ್ರೀ ಮಾಸ್ತರ!”

ಅಯ್ಯೋ ವಿಧಿಯೇ! ಬಂದವರು ಬೇರೆ ಯಾರೂ ಅಲ್ಲ, ಕನ್ನಡಿಗರ ವ್ಯಸನಮುಕ್ತಿ ಸಮಿತಿಯ ಅಧ್ಯಕ್ಷರೂ, ಅಕ್ಟೋಬರದ ಭಾಷಣ ಮುಗಿದಾಗ ಕಣ್ಣೊರೆಸಿಕೊಂಡು ಮಾಸ್ತರರ ಕೊರಳಿಗೆ ಹಾರ ಹಾಕಿದವರೂ ಆದ ಈರಣ್ಣ ಬಳಿಗಾರರು.

“ಶರಣ್ರಿ, ಶರಣ್ರಿ. ಏನ್ ಈ ಕಡೆ?”

“ಹಿಂಗ… ಸಾಸಿವಿ ಒಯ್ಯಾಕ ಬಂದಿದ್ದೆ. ನೀವು?” ಎಂದರು ಬಳಿಗಾರರು.

“ನಾನೂ ಸಾಸಿವೀನ” ಎಂದರು ಮಾಸ್ತರರು.

ಅಲ್ಲಿಂದ ಶುರುವಾಯಿತು ನೋಡಿ ಆ ಘೋರಸಂಗ್ರಾಮ. ಇವರು ಹೋಗಲೆಂದು ಅವರು, ಅವರು ಹೋಗಲೆಂದು ಇವರು. ಸಾಸಿವೆ ಕಟ್ಟಿಸಿಕೊಂಡ ಬಳಿಗಾರರು ಹೊರಡದೆ ಊದಿನಕಡ್ಡಿ ಕೇಳಿದರು. ಮಾಸ್ತರರು ಪ್ರತ್ಯಸ್ತ್ರವಾಗಿ ಕರ್ಪೂರ ಕೇಳಿದರು. ಅವರು ಬೆಂಕಿಪೊಟ್ಟಣ ಪ್ರಯೋಗಿಸಿದರೆ ಇವರು ಉಪ್ಪಿನಿಂದ ತಡೆದರು. ಒಮ್ಮೆ ಬಳಿಗಾರರು ಬಾಗಿಲವರೆಗೆ ಹೋದರು. ಮಾಸ್ತರರ ಹೃದಯಕಮಲ ಅರಳಿತು. ಮರುಕ್ಷಣ “ಮರತಿದ್ದೆ, ಅರಿಷಿಣ” ಎನ್ನುತ್ತ ತಿರುಗಿ ಬಂದರು. ಮಾಸ್ತರರು ಹತಾಶರಾಗಿ ಒಂದು ಕಸಬರಿಗೆ ಕೊಂಡರು. ಅಂಗಡಿಯ ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಆಗ ಮಾಸ್ತರರಿಗೆ ಒಂದು ಯುಕ್ತಿ ಹೊಳೆಯಿತು. ಶುದ್ಧ ಕನ್ನಡದಲ್ಲಿ ಕೇಳಿದರೆ ಬಳಿಗಾರರಿಗೆ ಅರ್ಥವಾಗದು! ಮೂವತ್ತಾರು ವರ್ಷಗಳ ವಿದ್ಯೆ ಇಂದಲ್ಲದೆ ಇನ್ನೆಂದು ಕೈಹಿಡಿಯಬೇಕು?

“ತಾಯೀ, ಕಿಂಚಿತ್ ದ್ರಾಕ್ಷಾರಸ ಬೇಕಾಗಿತ್ತು” ಎಂದರು.

ಸುಲೋಚನಾಬಾಯಿ ಒಂದು ಗಳಿಗೆ ಯೋಚಿಸಿ, ಒಳಗಿನಿಂದ ದ್ರಾಕ್ಷಾಸವದ ಔಷಧಿ ಬಾಟಲಿ ತಂದಿಟ್ಟಳು. “ಊಟ ಆದ್ಮೇಲೆ ಎರಡು ಚಮಚ ತಗೊಳ್ಳಿ ಮಾಸ್ತರೆ. ಬೆಳಿಗ್ಗೆ ಸಲೀಸಾಗ್ತದೆ.”

“ಹೊಟ್ಟಿ ಕಟ್ಟೈತೇನ್ರಿ?” ಎಂದು ಬಳಿಗಾರರು ಕನಿಕರದಿಂದ ವಿಚಾರಿಸಿದರು.

ಮಾಸ್ತರರು ಹಲ್ಲು ಕಚ್ಚಿ ಎರಡನೆಯ ಬಾಣ ಹೂಡಿದರು. ಪೋರ್ಟ್ ಎಂದರೆ ಬಂದರು, ವೈನ್ ಎಂದರೆ ದ್ರಾಕ್ಷಾರಸ, ಷಷ್ಠೀ ತತ್ಪುರುಷ. “ಇದಲ್ಲ ತಾಯೀ. ಬಂದರಿನದು. ಬಂದರಿನದು ಬೇಕು.”

“ಬಂದರಿಗೆ ಹೋಗ್ಬೇಕಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ? ಬಸ್ಸು ಅಲ್ಲೇ ಎದುರಿಗೆ ನಿಲ್ತದೆ” ಎಂದು ಸುಲೋಚನಾಬಾಯಿ ಬೀದಿಯತ್ತ ಕೈತೋರಿಸಿದಳು.

ಹೀಗೆ ವ್ಯಾಕರಣವೇ ಕೈಕೊಟ್ಟು ಮಾಸ್ತರರು ದಿಙ್ಮೂಢರಾಗಿ ನಿಂತಿರುವಾಗ, ಹೂವಿನ ಫ್ರಾಕು ತೊಟ್ಟ, ಎಂಬತ್ತು ದಾಟಿದ ಒಬ್ಬ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು. ಕೊಂಕಣಿಯಲ್ಲಿ ಒಂದು ಕಿಲೋ ಉಳ್ಳಾಗಡ್ಡಿ, ಒಂದು ಬಟ್ಟೆ ಸಾಬೂನು ಕೇಳಿ, ಕೋಲಿನ ತುದಿಯಿಂದ ಹಲಗೆಯತ್ತ ತೋರಿಸಿದಳು. ಸುಲೋಚನಾಬಾಯಿ ಆ ಮಾಣಿಕ್ಯವನ್ನು ಇಳಿಸಿ ಉಳ್ಳಾಗಡ್ಡಿಯ ಮೇಲೆ ಇಟ್ಟಳು. ಅಜ್ಜಿ ಚೀಲ ಎತ್ತಿಕೊಂಡು, ಯೇಸುವಿನ ಹೆಸರು ಹೇಳಿಕೊಂಡು ಹೊರಟೇ ಹೋದಳು.

“ಹಾ!” ಎಂಬ ಆರ್ತನಾದ ಅಂಗಡಿಯಲ್ಲಿ ಎದ್ದಿತು. ಎರಡು ಕಂಠಗಳಿಂದ ಎದ್ದಿತೆಂಬುದನ್ನು ಗಮನಿಸುವ ಸ್ಥಿತಿಯಲ್ಲಿ ಮಾಸ್ತರರು ಇರಲಿಲ್ಲ. ಅವರ ಕಣ್ಣೆದುರು ಇದ್ದದ್ದು ಪಟ್ಟಿ ಕಟ್ಟಿದ ಪಾದ, ಒಣದ್ರಾಕ್ಷಿಯ ತಟ್ಟೆ, ನಾಲ್ಕು ಗಂಟೆಗೆ ಬರುವ ಒಬ್ಬಳೇ ಗೆಳತಿಯ ಮುಂದೆ ಬರಿಗೈಯಲ್ಲಿ ಕುಳಿತ ನೀಲಗಂಗೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದೇ ಕಡಿಮೆ. ಮರ್ಯಾದೆ ಹೋದರೆ ಹೋಗಲಿ ಎನಿಸಿತು. ಹಾರ ಬೇಕಾದರೆ ಬಳಿಗಾರರು ಹಿಂದಕ್ಕೆ ತೆಗೆದುಕೊಳ್ಳಲಿ!

ಮಾಸ್ತರರು ಕಸಬರಿಗೆಯನ್ನು ಗದೆಯಂತೆ ನೆಲಕ್ಕೆ ಕುಟ್ಟಿ, ಅಂಗಡಿಯ ಡಬ್ಬಗಳೆಲ್ಲ ಅದುರುವಂತೆ ಗರ್ಜಿಸಿದರು: “ಪೋರ್ಟ್ ವೈನ್! ನನಗ ಪೋರ್ಟ್ ವೈನ್ ಬೇಕು! ಕೊಡ್ರಿ!”

ಭೂಮಿ ಬಾಯಿಬಿಡಲಿಲ್ಲ. ಸಿಡಿಲು ಬೀಳಲಿಲ್ಲ. ಬೀದಿಯಲ್ಲಿ ಮಲಗಿದ್ದ ನಾಯಿ ಒಂದು ಕಿವಿ ಎತ್ತಿ ಮತ್ತೆ ಮಡಚಿತು.

“ಅದಕ್ಕೆ ಯಾಕೆ ಕೂಗ್ತೀರಿ ಮಾಸ್ತರೆ? ನನ್ನ ಕಿವಿ ಸರಿ ಉಂಟು” ಎಂದಳು ಸುಲೋಚನಾಬಾಯಿ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ತುಂಬಿದ ರಟ್ಟಿನ ಡಬ್ಬ ಎಳೆಯುತ್ತ. “ದೊಡ್ಡದೋ ಸಣ್ಣದೋ?”

ಆಗ ಮಾಸ್ತರರ ತೋಳನ್ನು ಯಾರೋ ಮೃದುವಾಗಿ ಮುಟ್ಟಿದರು. “ಮಾಸ್ತರ” ಎಂದು ಬಳಿಗಾರರು ಕಿವಿಯಲ್ಲಿ ಉಸುರಿದರು, “ಹೆಂಗೂ ಕೇಳೀರಿ. ನನಗೂ ಒಂದ್ ಹೇಳ್ರಲ್ಲ. ದೊಡ್ಡದು.”

ಮಾಸ್ತರರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ನಿಮ್ಮ ಮನ್ಯಾಗೂ ಕೇಕ್ ಮಾಡ್ತಾರೇನ್ರಿ?”

“ಕೇಕಾ?” ಎಂದರು ಬಳಿಗಾರರು. “ಯಾವ ಕೇಕ್ ರೀ?”

ನಾಲ್ಕಕ್ಕೆ ಐದು ನಿಮಿಷ ಇರುವಾಗ, ವಿಜಯಲಕ್ಷ್ಮಿಯನ್ನು ಕಂಕುಳಲ್ಲಿ ಅವುಚಿಕೊಂಡು, ಬೆವರಿನಲ್ಲಿ ಮಿಂದ ಮಾಸ್ತರರು ಮನೆ ತಲುಪಿದರು. ಫಿಲೊಮಿನಾಬಾಯಿ ಆಗಲೇ ಬಂದು ಮೊಸರಿನ ಪಾತ್ರೆ ಇಟ್ಟುಕೊಂಡು ಕುಳಿತಿದ್ದಳು. ಸೀಸೆ ಕಂಡದ್ದೇ ನೀಲಗಂಗವ್ವನ ಮುಖ ಹಿಗ್ಗಿತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಿಜಯಭಾಷಣವನ್ನು ಮಾಸ್ತರರು “ಎಲೌ ನೀಲಗಂಗೆ” ಎಂದು ಆರಂಭಿಸಿದರು.

“ತಡೀರಿ, ಅಳತಿ ತಪ್ಪತೈತಿ” ಎಂದರು ಆಕೆ. ಸೀಸೆಯ ಮುಚ್ಚಳ ತಿರುವಿ, ಒಂದು ಚಹಾದ ಬಟ್ಟಲಿಗೆ ಅರ್ಧದವರೆಗೆ ಸುರಿದು, ದ್ರಾಕ್ಷಿಯ ಮೇಲೆ ಹೊಯ್ದು, ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಇಷ್ಟೇನಾ?” ಎಂದರು ಮಾಸ್ತರರು.

“ಮತ್ತೇನ್ ಕೊಡಪಾನ ಸುರೀಬೇಕೇನ್ರಿ?”

ಫಿಲೊಮಿನಾಬಾಯಿಗೆ ಆ ಮಾತು ಎಷ್ಟು ತಿಳಿಯಿತೋ, ನಕ್ಕಳು. ನೀಲಗಂಗವ್ವನೂ ನಕ್ಕರು. ಆಕೆ ಹಾಗೆ ಹೊಟ್ಟೆ ತುಂಬ ನಕ್ಕದ್ದನ್ನು ಮಾಸ್ತರರು ವಾಸ್ಕೊಗೆ ಬಂದ ಮೇಲೆ ಕೇಳಿರಲಿಲ್ಲ. ಅವರಿಗೆ ತುಂಬ ಸಂತೋಷವಾಯಿತು. ಅದನ್ನು ಹೇಳೋಣವೆಂದರೆ ಒಂದು ಸಮಾಸವೂ ನೆನಪಿಗೆ ಬರಲಿಲ್ಲ.

ಇಂತೀ ಮಹಾವಿಕ್ರಮವನ್ನು ಭಕ್ತಿಯಿಂದ ಓದಿದವರಿಗೂ, ಓದಿ ಹೇಳಿದವರಿಗೂ, ಅಂಗಡಿಯ ಮೂಲೆಯಲ್ಲಿ ನಿಂತು ಕೇಳಿದವರಿಗೂ ಸಕಲ ಸನ್ಮಂಗಳ…

“ಖಾಲಿ ಯಾಕ ನಿಂತೀರಿ?” ಎಂದರು ನೀಲಗಂಗವ್ವ. “ಕೈ ತೊಳಕೊಂಡು ಬಂದು ಗೋಡಂಬಿ ತುಂಡ ಮಾಡ್ರಿ.”

ಮಾಸ್ತರರು ಕೈ ತೊಳೆದುಕೊಂಡು ಬಂದು ಕುಳಿತರು.