ಎಂಆರ್‌ಐ ಯಂತ್ರಕ್ಕೊಂದು ಜೋಗುಳ

ಗಲಾಟೆಗೆಲ್ಲ ಕಾರಣ ಒಂದು ಸಣ್ಣ ತಲೆಸುತ್ತು. ಮರ್ಗಿಲಾನ್ ಊರಿನ ಸಂತೆಬೀದಿಯಲ್ಲಿ ವ್ಯಾನು ತಿರುಗಿಸುವಾಗ ಹೊಲ್ಮತನಿಗೆ ರಸ್ತೆಯೇ ತಿರುಗಿದಂತಾಯಿತು. ವ್ಯಾನು ಕಲ್ಲಂಗಡಿ ರಾಶಿಯೊಳಗೆ ನುಗ್ಗಿ ನಿಂತಿತು. ತಲೆಯ ಎಂಆರ್‌ಐ ಆಗುವವರೆಗೆ ಸ್ಟೇರಿಂಗ್ ಮುಟ್ಟಕೂಡದು ಎಂದರು ಡಾಕ್ಟರು. ಗಾಡಿ ಓಡಿಸುವುದು ಬಿಟ್ಟು ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಹೋದ ವಾರ ಒಮ್ಮೆ ಆಸ್ಪತ್ರೆಗೆ ಹೋಗಿದ್ದ. ತಲೆ ಯಂತ್ರದ ಕೊಳವೆಯೊಳಗೆ ಸರಿದದ್ದೇ ಗೋರಿಯ ನೆನಪಾಗಿ, ಕೈಕಾಲು ಬಡಿದು ಹೊರಬಂದು, ಆಸ್ಪತ್ರೆಯ ಗಿಡ್ಡ ಅಂಗಿಯಲ್ಲೇ ಬಸ್ಸು ಹತ್ತಿ ಮನೆ ಸೇರಿದ್ದ. ಅಂದಿನಿಂದ ಇಡೀ ಓಣಿಗೆ ಅವನ ಮೊಣಕಾಲುಗಳ ಪರಿಚಯವಾಗಿತ್ತು. ಇವತ್ತು ಮಧ್ಯಾಹ್ನ ಎರಡನೇ ಸರದಿ.

ಬೆಳಗಿನ ಚಹಾದ ಹೊತ್ತಿಗೇ ಪಕ್ಕದ ಮನೆಯ ಕ್ಷೌರಿಕ ಎರ್ಕಿನ್ ಬಂದು ಕೂತ. ಅವನಿಗೆ ಹೊಲ್ಮತ್ 'ಆಕಾ', ಅಂದರೆ ಅಣ್ಣ.

"ಭಯ ಯಾಕೆ ಆಕಾ? ನನ್ನ ಕುರ್ಚೀಲಿ ಕತ್ತಿ ಕೊರಳ ಮೇಲಿದ್ರೂ ಗೊರಕೆ ಹೊಡೀತೀರಲ್ಲ!"

"ನಿನ್ನ ಕುರ್ಚಿಗೆ ಮುಚ್ಚಳ ಇಲ್ವಲ್ಲೋ," ಎಂದ ಹೊಲ್ಮತ್.

ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿದ್ದ ಓಯ್ದಿನ್ ಖೋಲಾ ತಲೆಯೆತ್ತಿದಳು. ಹೊಲ್ಮತನ ತಾಯಿಯ ತಂಗಿ; ಖೋಲಾ ಎಂದರೆ ಚಿಕ್ಕಮ್ಮ. ಆ ಪೀಳಿಗೆಯಲ್ಲಿ ಉಳಿದವಳು ಅವಳೊಬ್ಬಳೇ.

"ಮುಚ್ಚಳವಂತೆ! ಎರಡು ವರ್ಷ ತೊಟ್ಟಿಲಲ್ಲಿ ಹಾಗೇ ಮಲಗಿದ್ದೆ ಕಣೋ ನೀನು. ಕೈಕಾಲಿಗೆ ಪಟ್ಟಿ ಬಿಗಿದು, ಮೇಲೆ ಏಳು ಬಟ್ಟೆ ಹೊದಿಸ್ತಿದ್ವಿ. ಒಂದಿನ ಕಿರುಚ್ಲಿಲ್ಲ."

"ಆಗ ಅಮ್ಮ ಇದ್ಲಲ್ಲ, ಖೋಲಾ."

ಮುದುಕಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ನಾನು ಇನ್ನೂ ಬದುಕಿದೀನಲ್ಲೋ," ಎಂದಳು ಮುದುಕಿ. "ಹಬೀಬಾ, ಪೆಟ್ಟಿಗೆಯಿಂದ ತೊಟ್ಟಿಲ ಪಟ್ಟಿ ತೆಗಿಯಮ್ಮ. ಅಭ್ಯಾಸ ಮಾಡಿಸೋಣ."

ಹೆಂಡತಿ ಹಬೀಬಾ ಪಟ್ಟಿ ತಂದಳು. ಅಂಗಳದ ಬೆಂಚಿನ ಮೇಲೆ ಹೊಲ್ಮತನನ್ನು ಮಲಗಿಸಿ, ಸಾಗಿಸಲು ಸುತ್ತಿದ ಜಮಖಾನದಂತೆ ಬಿಗಿದರು. ಮುಖದ ಮೇಲೆ ಬಟ್ಟೆ ಹೊದಿಸಿದರು.

"ಬಾಯಿಗೊಂದು ಕಲ್ಲುಸಕ್ಕರೆ ಇಡ್ಲಾ?" ಎಂದ ಎರ್ಕಿನ್.

"ಬಾಯಿ ಮುಚ್ಚು. ಮಗು ಮಲಗ್ಲಿ," ಎಂದು ಖೋಲಾ ಗದರಿದಳು. ಎಲ್ಲರೂ ತಲೆ ತಗ್ಗಿಸಿ ಸುಮ್ಮನೆ ನಿಂತರು.

ಆ ಮೌನವೇ ಮುಳುವಾಯಿತು. ಮೊಸರು ಕೊಡಲು ಬಂದ ಎದುರುಮನೆಯ ಸವೊದತ್ ಬಾಗಿಲಲ್ಲಿ ಇಣುಕಿದಳು. ಬಟ್ಟೆ ಮುಚ್ಚಿದ ದೇಹ, ತಲೆ ತಗ್ಗಿಸಿದ ಜನ. ಮೊಸರು ಅಲ್ಲೇ ಚೆಲ್ಲಿ, "ಅಯ್ಯೋ ಹೊಲ್ಮತ್-ಆಕಾ!" ಎಂದು ಬೀದಿಯುದ್ದಕ್ಕೂ ಅಳುತ್ತ ಓಡಿದಳು. ಸ್ವಲ್ಪ ಹೊತ್ತಿಗೆಲ್ಲ ಸಾವಿನ ಮನೆಗೆ ಹೋಗುವ ರೀತಿಯಲ್ಲಿ ನಿಲುವಂಗಿ ತೊಟ್ಟು, ಸೊಂಟಕ್ಕೆ ವಸ್ತ್ರ ಬಿಗಿದ ಗಂಡಸರು ದುಃಖದ ಮುಖ ಹೊತ್ತು ಒಳಗೆ ಬಂದರು.

"ಒಳ್ಳೆ ಮನುಷ್ಯ. ಗಾಡಿ ಮಾತ್ರ ಕೆಟ್ಟದಾಗಿ ಓಡಿಸ್ತಿದ್ದ," ಎಂದ ಒಬ್ಬ.

"ಯಾರೋ ಅದು?" ಎಂದಿತು ಬಟ್ಟೆಯೊಳಗಿನ ದೇಹ.

ಮುಂದಿನ ಸಾಲಿನವರು ಹಿಂದಿನ ಸಾಲಿನವರ ಮೇಲೆ ಬಿದ್ದರು. ವಿಷಯ ತಿಳಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಹೇಗೂ ಬಟ್ಟೆ ಹಾಕಿಕೊಂಡು ಬಂದಾಗಿದೆ ಎಂದು ಹೊಲ್ಮತನನ್ನು ಆಸ್ಪತ್ರೆಯವರೆಗೂ ಕಳಿಸಿಕೊಡಲು ಹೊರಟರು. ದಾರಿಯಲ್ಲಿ ಎದುರಾದವರೆಲ್ಲ ಶವಯಾತ್ರೆಯೆಂದುಕೊಂಡು ನಿಂತು ಎದೆಯ ಮೇಲೆ ಕೈಯಿಟ್ಟರು.

ಯಂತ್ರ ನಡೆಸುವ ಹುಡುಗ ಜಮೋಲ್ ರಾತ್ರಿ ಪಾಳಿ ಮುಗಿಸಿದ ಮೇಲೂ ಉಳಿದಿದ್ದ, ಕಣ್ಣು ಟೊಮೆಟೊದಂತಾಗಿತ್ತು. ಓಣಿಯನ್ನೆಲ್ಲ ಹೊರಗೆ ನಿಲ್ಲಿಸಿ, ಜೋಗುಳ ಹಾಡಿ ಮಲಗಿಸುತ್ತೇನೆಂದ ಖೋಲಾಳನ್ನು ಮಾತ್ರ ಗಾಜಿನಾಚೆ ತನ್ನ ಪಕ್ಕ ಕೂರಿಸಿಕೊಂಡ. "ಈ ಮೈಕಲ್ಲಿ ಹಾಡಿ ಅಜ್ಜಿ. ಅವರಿಗೆ ಕೇಳುತ್ತೆ. ಇವತ್ತೂ ಓಡಿಹೋದ್ರೆ ಮತ್ತೆ ಸರದಿ ಸಿಗಲ್ಲ."

ಕೊಳವೆ ಹೊಲ್ಮತನನ್ನು ನುಂಗಿತು. ಅವನು ಮತ್ತೆ ಕಾಲು ಬಡಿಯಲು ಹೊರಟ. ಅಷ್ಟರಲ್ಲಿ ಕಿವಿಯಲ್ಲಿ ಒಡಕು ದನಿಯೊಂದು, "ಮಲಗು ನನ್ನ ಕುರಿಮರಿ, ಮಲಗು..." ಎಂದಿತು. ಯಂತ್ರವೂ ಟಕ ಟಕ ಎನ್ನತೊಡಗಿತು. ಅರೆ, ಇದು ಅಮ್ಮನ ಮಗ್ಗ! ಅವಳು ರೇಷ್ಮೆ ನೇಯುತ್ತ, ತೊಟ್ಟಿಲ ಹಗ್ಗವನ್ನು ಕಾಲಿನ ಬೆರಳಿಗೆ ಕಟ್ಟಿಕೊಂಡು ತಮ್ಮಂದಿರನ್ನು ತೂಗುತ್ತಿದ್ದುದನ್ನು ಅವನು ಕಂಡಿದ್ದ. ತನ್ನನ್ನೂ ಹಾಗೇ ತೂಗಿರಬೇಕು. ಸ್ವಲ್ಪ ಹೊತ್ತಿನಲ್ಲಿ ಸದ್ದು ನಿಂತಿತು. ಮಗ್ಗ ನಿಂತರೆ ಅಮ್ಮ ಬಟ್ಟೆ ಸರಿಸಿ ಮಗುವಿನ ಮುಖ ನೋಡುತ್ತಿದ್ದಾಳೆ ಎಂದರ್ಥ. ಹೊಲ್ಮತ್ ಕಣ್ಣು ತೆರೆಯಲಿಲ್ಲ. ತೆರೆದರೆ ಅವಳು ಅಲ್ಲಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಹಾಗೆಯೇ ನಿದ್ದೆ ಹತ್ತಿತು.

ಎಚ್ಚರವಾದಾಗ ಮಂಚ ಹೊರಗಿತ್ತು. ದೊಡ್ಡ ಡಾಕ್ಟರಮ್ಮ ತಲೆಯ ಬಳಿ ನಿಂತಿದ್ದರು.

"ಮುಗೀತಾ? ನಾನು ಅಲ್ಲಾಡ್ಲಿಲ್ಲ ಅಲ್ವಾ?"

"ಗಂಟೆ ಮೇಲಾಯ್ತು. ಕಲ್ಲಿನ ಹಾಗೆ ಮಲಗಿದ್ರಿ. ಇಂಥ ರೋಗೀನ ನಾನು ನೋಡೇ ಇಲ್ಲ."

ಹೊಲ್ಮತನ ಎದೆಯುಬ್ಬಿತು. "ಚಿತ್ರ ಚೆನ್ನಾಗಿ ಬಂದಿರ್ಬೇಕು?"

ಡಾಕ್ಟರಮ್ಮ ಗಾಜಿನ ಕಡೆ ಕೈ ತೋರಿಸಿದರು. ಆಚೆ ಜಮೋಲ್ ಗುಂಡಿಗಳ ಮೇಲೆ ಕೆನ್ನೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಖೋಲಾ ತನ್ನ ಶಾಲನ್ನು ಅವನಿಗೆ ಹೊದಿಸಿ, ತಲೆ ಸವರುತ್ತ, ಇನ್ನೂ ಹಾಡುತ್ತಿದ್ದಳು.

"ಪಾಪ, ಅವನೂ ಇದೇ ಊರಿನ ತೊಟ್ಟಿಲಲ್ಲಿ ಬೆಳೆದೋನು. ಚಿತ್ರ ತೆಗೆಯೋಕೆ ಮುಂಚಿನ ಅಳತೆಯ ಸುತ್ತು ಮುಗಿಯೋದ್ರಲ್ಲೇ ಮಲಗಿಬಿಟ್ಟಿದಾನೆ. ಒಂದು ಚಿತ್ರಾನೂ ಇಲ್ಲ. ನಾಳೆ ಬನ್ನಿ."

"ಬರ್ತೀನಿ ಡಾಕ್ಟ್ರೇ. ಖೋಲಾ ಹಾಡಿದ್ರೆ ನನಗಿನ್ನು ಭಯವೇ ಇಲ್ಲ."

"ಅವರು ಬೇಡ," ಎಂದರು ಡಾಕ್ಟರಮ್ಮ, ಆಕಳಿಕೆ ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿಯುತ್ತ, "ನೀವೊಬ್ರೇ ಬನ್ನಿ."