ಕರಾವಳಿಯಲ್ಲಿ ಒಣಹವೆ

ರೇಡಿಯೊದವಳು ಒಂದು ದಿನವಾದರೂ ಲಾಲಪ್ಪನ ಊರಿನ ಹೆಸರು ಹೇಳಿದವಳಲ್ಲ. ಕಕ್ಕೇರಾ ಸುತ್ತಿನ ಹಳ್ಳಿಗಳ ಮೇಲೂ ಆಕಾಶ ಎಂಬುದೊಂದು ಇದೆ ಎಂಬ ಸುದ್ದಿ ಹವಾಮಾನದವರಿಗೆ ಇನ್ನೂ ಮುಟ್ಟಿದಂತಿರಲಿಲ್ಲ. ಆದರೆ ಅವತ್ತು ಬೆಳಗಿನ ವಾರ್ತೆಯ ಕೊನೆಗೆ ಆಕೆ "ಕರಾವಳಿಯಲ್ಲಿ ಇನ್ನು ಐದು ದಿನ ಒಣಹವೆ" ಎಂದದ್ದೇ ತಡ, ಹಲ್ಲುಜ್ಜುತ್ತಿದ್ದ ಲಾಲಪ್ಪ ಬೇವಿನ ಕಡ್ಡಿ ನುಂಗುವುದೊಂದು ಬಾಕಿ. ಮುಂದಿನ ಮಾತು ಕೇಳದೆ ರೇಡಿಯೊದ ಕಿವಿ ಹಿಂಡಿ ಬಂದ್ ಮಾಡಿದ.

ಕರಾವಳಿ ಒಣಗಿತೆಂದರೆ ಈ ಊರು ಖಾಲಿಯಾಗುತ್ತಿತ್ತು. ಮಳೆ ನಿಂತು ಮಂಗಳೂರಿನ ಕಡೆ ಕಟ್ಟಡದ ಕೆಲಸ ಶುರುವಾಗುವುದನ್ನೇ ಕೂಲಿಯವರು ಕಾಯುತ್ತಿದ್ದರು. ಮಳೆಯಲ್ಲಿ ಹೋಗಿ ಕೂತು ಮನೆಯಿಂದ ಒಯ್ದ ರೊಟ್ಟಿಯನ್ನೇ ತಿಂದು ಮುಗಿಸುವಷ್ಟು ದಡ್ಡರಲ್ಲ ಅವರು. ಶರೀಫಾಬೀಯ ಚಹಾದ ಹೋಟೆಲಿನಲ್ಲಿ ರೇಡಿಯೊ ಕೇಳಿ, ಒಣಹವೆ ಎಂದ ದಿನವೇ ಗಂಟು ಕಟ್ಟಿ ಬಸ್ಸು ಹತ್ತುವುದು ಅವರ ರೂಢಿ. ಲಾಲಪ್ಪನಿಗೋ ನಾಳೆ ಸಂಜೆ ಕಾಲುವೆ ನೀರಿನ ಪಾಳಿ. ಎರಡೆಕರೆ ಮೆಣಸಿನ ಹೊಲದಲ್ಲಿ ಗಿಡಕ್ಕಿಂತ ಕಸವೇ ಎತ್ತರ. ಕಸ ತೆಗೆಸದೆ ನೀರು ಬಿಟ್ಟರೆ ಕಸವನ್ನೇ ಸಾಕಿದಂತೆ. ನಾಳೆ ಒಂದು ದಿನ ಹನ್ನೆರಡು ಆಳು ಉಳಿದರೆ ಸಾಕಿತ್ತು.

ಮುಂದಿನ ವಾರ್ತೆಗೆ ಅರ್ಧ ತಾಸಿತ್ತು. ಲಾಲಪ್ಪ ಟವೆಲ್ಲು ಹೆಗಲಿಗೆ ಒಗೆದುಕೊಂಡು ಹೋಟೆಲಿಗೆ ಓಡಿದ. ಶರೀಫಾಬೀ ಒಳಗೆ ಮಿರ್ಚಿ ಬಜ್ಜಿಗೆ ಹಿಟ್ಟು ಕಲಸುತ್ತಿದ್ದಳು. ಕಟ್ಟೆಯ ಮೇಲಿದ್ದ ರೇಡಿಯೊದ ಬೆನ್ನು ಬಿಚ್ಚಿ ಎರಡೂ ಸೆಲ್ಲು ತೆಗೆದು ಅಂಗಿಯ ಜೇಬಿಗೆ ಇಳಿಸಿ, ಏನೂ ಅರಿಯದವನಂತೆ ಬೆಂಚಿನ ಮೇಲೆ ಕೂತ.

ಅಷ್ಟರಲ್ಲಿ ಕೂಲಿಯವರ ಮುಂದಾಳು ಮಲ್ಲಾಬಾಯಿ ತನ್ನ ದಂಡು ಕಟ್ಟಿಕೊಂಡು ಬಂದಳು.

"ಶರೀಫವ್ವ, ರೇಡಿಯೊ ಹಚ್ಚು. ಸಮುದ್ರದ ಕಡಿ ಏನಂತಾರ ನೋಡೂನು."

ಶರೀಫಾಬೀ ಗುಂಡಿ ತಿರುವಿದಳು. ಗುದ್ದಿದಳು. ರೇಡಿಯೊ ಮಾತಾಡಲಿಲ್ಲ.

"ಸೆಲ್ ಸತ್ತಿರಬೇಕು ಚಾಚಿ," ಎಂದು ಲಾಲಪ್ಪ ಮರುಗಿ, ಚಹಾದ ಲೋಟಕ್ಕೆ ಬಗ್ಗಿದ. ಜೇಬಿನ ಎರಡೂ ಸೆಲ್ಲು ಟಣ್ಣೆಂದು ಬಿದ್ದು ಮಲ್ಲಾಬಾಯಿಯ ಕಾಲಿನ ತನಕ ಉರುಳಿದವು.

ಎಲ್ಲರೂ ಸೆಲ್ಲು ನೋಡಿದರು. ಆಮೇಲೆ ಲಾಲಪ್ಪನನ್ನು ನೋಡಿದರು.

"ಚಾಚಿಗಂತನೇ ತಂದೀನಿ. ಹೊಸಾವು!" ಎಂದ ಲಾಲಪ್ಪ. ಶರೀಫಾಬೀಗೆ ಕಣ್ಣು ತುಂಬಿ ಬಂತು. ಊರಲ್ಲಿ ಇಂಥವನೊಬ್ಬ ಇದ್ದಾನೆಂದು ಆಕೆಗೆ ಗೊತ್ತೇ ಇರಲಿಲ್ಲ. ತಾನೇ ಹಾಕುತ್ತೇನೆಂದು ಹಟ ಹಿಡಿದ ಲಾಲಪ್ಪ ಎರಡನ್ನೂ ಉಲ್ಟಾ ತುರುಕಿದ. ರೇಡಿಯೊ ಮತ್ತೆ ಸುಮ್ಮನೆ ಕೂತಿತು.

ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹುಲಗಪ್ಪ ಮಾಸ್ತರು ಮೊದಲ ಬಸ್ಸಿಗೆ ಬಂದ ಪೇಪರು ಹಿಡಿದು ಒಳಗೆ ಬಂದರು.

"ಕೊಡ್ರಿ ಸರ್, ಹವಾಮಾನ ನಾ ಓದ್ತೀನಿ," ಎಂದು ಲಾಲಪ್ಪ ಪೇಪರು ಕಸಿದುಕೊಂಡ. ಗಂಟಲು ಸರಿ ಮಾಡಿಕೊಂಡ. "ಕರಾವಳಿಯಲ್ಲಿ ಐದು ದಿನ ಭಾರಿ ಮಳೆ. ಸಮುದ್ರಕ್ಕೆ ಯಾರೂ ಇಳಿಯಬಾರದು."

"ಹಂಗದ ಏನು? ಎಲ್ಲಿ, ತಾ ಇಲ್ಲಿ," ಎಂದು ಮಾಸ್ತರು ಕೈ ಚಾಚಿದರು. ಲಾಲಪ್ಪ ಬಿಸಿ ಬಜ್ಜಿ ಆರನ್ನು ಸರಿಯಾಗಿ ಆ ಸುದ್ದಿಯ ಮೇಲೇ ಸುರಿದು, "ತಿನ್ರಿ ಸರ್, ಆರ್ತಾವ," ಎಂದು ಮುಂದಿಟ್ಟ. ಕ್ಷಣದಲ್ಲಿ ಕರಾವಳಿ ಎಣ್ಣೆಯಲ್ಲಿ ಮುಳುಗಿತು.

ಮಲ್ಲಾಬಾಯಿಯ ಮುಖ ಇಳಿಯಿತು. "ಐದು ದಿನ ಮಳಿ ಅಂತ. ಕೇಳಿದ್ರಿಲ್ಲೋ? ಏಳ್ರಿ," ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ದಂಡೆಲ್ಲ ಹಿಂದೆ ಹೋಯಿತು. ಗೆದ್ದ ಖುಷಿಗೆ ಲಾಲಪ್ಪ ಉಳಿದ ಲೋಟಗಳ ಚಹಾವನ್ನೂ ತಾನೇ ಕುಡಿದ.

ಮಧ್ಯಾಹ್ನ ಉಂಡು, ನಿದ್ದೆ ತೆಗೆದು, ನೀರಿನ ಪಾಳಿ ನೆನಪಿಸಲು ಕಾಲುವೆಗೆ ಹೋದ. ತೂಬು ಕಾಯುವ ಸಾಬಣ್ಣ ಬೀಡಿ ಸೇದುತ್ತ ಕೂತಿದ್ದ.

"ನಿನ್ನ ಪಾಳಿ ಕೆಳಗಿನ ಊರಿಗಿ ಕೊಟ್ಟೀನಿ. ಮಳಿ ಬರಾಕತ್ತದಂತಲ್ಲ, ನಿನಗ್ಯಾಕ ನೀರು?"

"ಮಳಿ ಅಂತ ಯಾವ ಮಗ ಹೇಳಿದ?"

"ನೀನೇ ಓದಿದಿ ಅಂತ ಮಾಸ್ತರು ಅಂದ್ರು. ಇನ್ನ ನಿನ್ನ ಪಾಳಿ ಇಪ್ಪತ್ತು ದಿನಕ್ಕ."

ನೀರು ಹೋದರೂ ಆಳಾದರೂ ಇದ್ದಾರಲ್ಲ ಎಂದು ಲಾಲಪ್ಪ ಬಿದ್ದೆದ್ದು ಊರಿಗೆ ಓಡಿದ. ಊರ ಅಗಸಿ ಬಾಗಿಲಲ್ಲೇ ಮಲ್ಲಾಬಾಯಿಯ ಬಂಡಿ ಎದುರಾಯಿತು. ಬಂಡಿಯ ತುಂಬ ಜನ, ಎಲ್ಲರ ಕೈಯಲ್ಲೂ ಕುಡುಗೋಲು.

"ಎಲ್ಲಿಗವ್ವ? ನಾಳಿ ನನ್ನ ಹೊಲದಾಗ ಕಸ ತೆಗಿಯೂದದ!"

"ಇರಲಿ ಬಿಡೋ ಅಣ್ಣಾ. ಇವತ್ತು ಅಲ್ಲಿ ಬಿದ್ದ ಮಳಿ ನಾಡಿದ್ದು ನಮ್ಮ ತಲಿಮ್ಯಾಲ. ದಿಬ್ಬದ ಆಚಿ ಕಲ್ಲಹೊಲದಾಗ ಎಲ್ಲಾರ ಸಜ್ಜಿನೂ ಒಣಗಿ ನಿಂತದ, ತೊಯ್ದರ ಬೂಸ್ಟು ಹಿಡಿತದ. ನಾಕೈದು ದಿನ ಕೊಯ್ಲಿಕ್ಕೇ ಬೇಕು. ನೀ ಪೇಪರು ಓದಿದ್ದು ಪುಣ್ಯ ಬಂತು. ಇಲ್ಲಾಂದ್ರ ಈ ಸಲ ದಸರಾ ಮುಗಿಸೇ ಮಂಗಳೂರಿಗಿ ಹೋಗೂನು, ನಾಳಿ ನಿನ್ನ ಹೊಲಕ್ಕ ಬರೂನು ಅಂತ ನಿನ್ನೆನೇ ಮಾತಾಡಿದ್ವಿ."

ಲಾಲಪ್ಪನಿಗೆ ಅಳು ಬಂತು. ಮರ್ಯಾದೆ ಹೋದರೆ ಹೋಗಲೆಂದು ಬಾಯಿ ಬಿಟ್ಟ. "ಮಳಿ ಬರಂಗಿಲ್ಲ ಮಲ್ಲಕ್ಕ! ಅಲ್ಲಿನೂ ಒಣಹವೆ! ನನ್ನ ಆಣೆ!"

ಬಂಡಿಯೆಲ್ಲ ಗೊಳ್ಳೆಂದು ನಕ್ಕಿತು. "ನೋಡ್ರಿ, ನಮ್ಮನ್ನ ತನ್ನ ಹೊಲಕ್ಕ ಎಳಿಲಿಕ್ಕ ಎಂಥ ಸುಳ್ಳು ಹೇಳಾಕತ್ಯಾನ!" ಎಂದಳು ಮಲ್ಲಾಬಾಯಿ.

ಬಂಡಿಯ ಹಿಂಭಾಗದಿಂದ ಇನ್ನೊಂದು ಧ್ವನಿ ಬಂತು. ಅವನ ಹೆಂಡತಿ ಅಯ್ಯಮ್ಮ.

"ನಾನೂ ಸಜ್ಜಿ ಕೊಯ್ಲಿಕ್ಕ ಹೊಂಟೀನಿ. ಮುಯ್ಯಿ ಆಳು. ನಾ ಅವರ ಹೊಲಕ್ಕ, ಅವರು ನಮ್ಮ ಹೊಲಕ್ಕ."

"ಅವರು ಯಾವಾಗ ಬರ್ತಾರ?"

"ಮಳಿ ಬಂದು ನಿಂತ ಮ್ಯಾಲ."

ಬಂಡಿ ದಿಬ್ಬ ದಾಟಿ ಮರೆಯಾಯಿತು. ಲಾಲಪ್ಪ ಕಾಲೆಳೆದುಕೊಂಡು ಹೋಟೆಲಿನ ಮುಂದೆ ಬಂದ. ಒಳಗಿನಿಂದ ರೇಡಿಯೊ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು: "ಕರಾವಳಿಯಲ್ಲಿ ಒಣಹವೆ. ಒಳನಾಡಿನಲ್ಲೂ ಒಣಹವೆ."

"ಸೆಲ್ ಉಲ್ಟಾ ಹಾಕಿದ್ಯಲ್ಲೋ ಬೇಟಾ! ನಾ ಈಗ ಸೀದಾ ಹಾಕೀನಿ," ಎಂದು ಶರೀಫಾಬೀ ಹೊರಗೆ ಇಣುಕಿದಳು. "ಕೇಳಿದ್ಯಾ? ಎಲ್ಲೂ ಮಳಿ ಇಲ್ಲಂತ. ಓಡಿ ಹೋಗಿ ಮಂದಿಗಿ ಹೇಳು."

ಲಾಲಪ್ಪ ಓಣಿಯ ಈ ತುದಿಯಿಂದ ಆ ತುದಿಯ ತನಕ ನೋಡಿದ. ಪ್ರತಿ ಬಾಗಿಲಿಗೂ ಬೀಗ ಬಿದ್ದಿತ್ತು.